ಎಡಗಡೆ ಸೀಟಿನ ಬಿಸಿ

ಗ್ರೇಟರ್ ನೋಯ್ಡಾದ ಅಪಾರ್ಟ್‌ಮೆಂಟುಗಳಲ್ಲಿ ನಿವೃತ್ತರಾದ ಗಂಡಸರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಂದೋ ಸೊಸೈಟಿಯ ಕಮಿಟಿ ಸೇರಿ ಲಿಫ್ಟಿನ ವಿಷಯಕ್ಕೆ ವರ್ಷವಿಡೀ ಜಗಳ ಕಾಯುತ್ತಾರೆ, ಇಲ್ಲವೇ ಬೆಳಗಾಗೆದ್ದು ಪಾರ್ಕಿನಲ್ಲಿ ಗುಂಪು ಕಟ್ಟಿಕೊಂಡು ಕಾರಣವಿಲ್ಲದೆ ನಗುತ್ತಾರೆ. ಚಿದಂಬರ ಇವೆರಡನ್ನೂ ಬಿಟ್ಟು ಒಂದು ಪಿಕಪ್ ಟ್ರಕ್ ಕೊಂಡರು.

ಹೊಸದೇನಲ್ಲ. ಹರಿಯಾಣದ ರೈತರೊಬ್ಬರು ನಾಲ್ಕು ವರ್ಷ ದುಡಿಸಿಕೊಂಡು ಬಿಟ್ಟಿದ್ದ ಗಾಡಿ. ಮುಂದೆ ಎರಡು ಸೀಟು, ಅವುಗಳ ಹಿಂದೆ ಮೂವರು ಕೂರುವಷ್ಟು ಉದ್ದದ ಬೆಂಚು, ಅದರಾಚೆ ಸಾಮಾನು ಹೇರುವ ತೆರೆದ ತೊಟ್ಟಿ. ಗಾಡಿ ಬಂದ ದಿನ ಎದುರು ಫ್ಲ್ಯಾಟಿನವರು, "ಯಾಕೆ ಅಂಕಲ್‌ಜೀ, ಮನೆ ಖಾಲಿ ಮಾಡ್ತಿದ್ದೀರಾ?" ಎಂದು ಆತಂಕದಿಂದ ಕೇಳಿದ್ದರು. ಮೂವತ್ತೊಂದು ವರ್ಷ ದೆಹಲಿಯ ಒಂದು ಪ್ರಯೋಗಾಲಯದಲ್ಲಿ ಅಳತೆಯ ಉಪಕರಣಗಳನ್ನು ಬಿಚ್ಚಿ ಜೋಡಿಸಿಕೊಂಡಿದ್ದ ಮನುಷ್ಯ, ಯಾರ ಗೊಡವೆಗೂ ಹೋಗದವರು, ಇಂಥ ಗಾಡಿ ಯಾಕೆ ತಂದರು ಎಂಬುದು ಸೊಸೈಟಿಗೆ ಒಗಟಾಗಿತ್ತು. ಉತ್ತರ ಸರಳ. ಗಾಡಿ ಬಂದಿದ್ದು ಇಡ್ಲಿಗಾಗಿ.

ಇಡ್ಲಿ ಅವರ ಹೆಂಡತಿ ಪಂಕಜಾ ಅವರದು. ಎರಡು ವರ್ಷದ ಹಿಂದೆ ಮೆಟ್ರೋದಲ್ಲಿ ಬರುವಾಗ ಪಕ್ಕದಲ್ಲಿ ಕೂತಿದ್ದ ಹುಡುಗಿಯೊಬ್ಬಳು ಫೋನಿನಲ್ಲಿ, "ಇಲ್ಲಿ ಇಡ್ಲಿ ಅಂತ ಕೊಡ್ತಾರಮ್ಮ, ಅದಕ್ಕೆ ಬೇರೆ ಏನಾದ್ರೂ ಹೆಸರು ಇಡ್ಬೇಕು," ಎಂದು ಕನ್ನಡದಲ್ಲಿ ದೂರುತ್ತಿದ್ದದ್ದು ಆಕೆಯ ಕಿವಿಗೆ ಬಿತ್ತು. ಹುಡುಗಿಯ ಹೆಸರು ಹಂಸಿನಿ, ಊರು ಬಳ್ಳಾರಿ, ಲಕ್ಷ್ಮೀ ನಗರದ ಕೋಚಿಂಗ್‌ನಲ್ಲಿ ಸಿ.ಎ. ಓದು. ಪಂಕಜಾ ಅಲ್ಲೇ ವಿಳಾಸ ಕೇಳಿ ಬರೆದುಕೊಂಡರು. ಮುಂದಿನ ಭಾನುವಾರ ಒಂದು ಟಿಫಿನ್ ಕ್ಯಾರಿಯರ್ ಹೋಯಿತು. ಅದರ ಮುಂದಿನ ವಾರ ಹತ್ತು ಜನ ಕಾಯುತ್ತಿದ್ದರು. ಈಗ ಕೋಚಿಂಗ್‌ನವರೇ ತಮ್ಮ ಜಗಲಿಯನ್ನು ಭಾನುವಾರ ಬೆಳಿಗ್ಗೆ ಬಿಟ್ಟುಕೊಡುತ್ತಾರೆ. ರಾಯಚೂರು, ಮಂಗಳೂರು, ಶಿರಸಿ, ಕೋಲಾರ ಎನ್ನದೆ ಐವತ್ತು ಅರವತ್ತು ಮಕ್ಕಳು ಸ್ವೆಟರ್ ಹಾಕಿಕೊಂಡು, ಕಣ್ಣುಜ್ಜಿಕೊಂಡು, ತಟ್ಟೆ ಹಿಡಿದು ನಿಲ್ಲುತ್ತಾರೆ. ದೊಡ್ಡ ಇಡ್ಲಿ ಪಾತ್ರೆ, ಗ್ಯಾಸ್ ಒಲೆ, ಚಟ್ನಿಯ ಡಬರಿ ಹಳೆಯ ಕಾರಿನಲ್ಲಿ ಹಿಡಿಯದೆ ಪಿಕಪ್ ಬಂತು.

ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಚಿದಂಬರ ಯಾರಿಗೂ ಹೇಳದ ಕಥೆ ಇನ್ನೊಂದಿತ್ತು.

ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಅವರು ಹೆಂಡತಿಯ ಜೊತೆ ಆಡಿದ ಮಾತೆಲ್ಲ ಗ್ಯಾಸ್ ಮುಗಿಯಿತೇ, ಮಗಳ ಫೀಸು ಕಟ್ಟಿಯಾಯಿತೇ, ನಿಮ್ಮಣ್ಣ ಯಾವ ಟ್ರೈನಿಗೆ ಬರ್ತಾನೆ ಎಂಬಷ್ಟರಲ್ಲೇ ಮುಗಿಯುತ್ತಿತ್ತು. ಜಗಳವಿರಲಿಲ್ಲ, ಬೇಸರವಿರಲಿಲ್ಲ, ಮಾತೂ ಇರಲಿಲ್ಲ. ಮಗಳು ಅದಿತಿ ಮದುವೆಯಾಗಿ ಪುಣೆ ಸೇರಿದ ಮೇಲೆ ಮನೆಯಲ್ಲಿ ಕುಕ್ಕರಿನ ಸೀಟಿಯೇ ದೊಡ್ಡ ಸದ್ದು. ಆದರೆ ಭಾನುವಾರ ಬೆಳಿಗ್ಗೆ ಐದೂವರೆಗೆ ಪಿಕಪ್ಪಿನ ಎಡಗಡೆ ಸೀಟಿನಲ್ಲಿ ಕೂತ ಪಂಕಜಾ ಬೇರೆಯೇ ಹೆಂಗಸು. ಗ್ರೇಟರ್ ನೋಯ್ಡಾ ಬಿಟ್ಟು ಲಕ್ಷ್ಮೀ ನಗರ ಸೇರುವ ಐವತ್ತು ನಿಮಿಷ ಆಕೆ ಮಾತಾಡುತ್ತಲೇ ಇರುತ್ತಿದ್ದರು. ಹಂಸಿನಿಯ ಪರೀಕ್ಷೆ, ಕೋಲಾರದ ಹುಡುಗನಿಗೆ ಸಿಗದ ರೂಮು, ತಾವು ಚಿಕ್ಕವರಿದ್ದಾಗ ಅರಸೀಕೆರೆ ಸ್ಟೇಷನ್ನಿನಲ್ಲಿ ಅಪ್ಪನ ಕೈ ಬಿಟ್ಟು ಕಳೆದುಹೋಗಿದ್ದು, ಕಾಲೇಜಿನಲ್ಲಿ ನಾಟಕಕ್ಕೆ ಸೇರಿ ಪಾತ್ರ ಮರೆತದ್ದು. ಮೂವತ್ತನಾಲ್ಕು ವರ್ಷದಿಂದ ಈ ಹೆಂಗಸು ಎಲ್ಲಿದ್ದಳು ಎಂದು ಚಿದಂಬರರಿಗೆ ಆಶ್ಚರ್ಯ. ಸ್ಟಿಯರಿಂಗ್ ಹಿಡಿದು "ಹ್ಞೂಂ" ಎನ್ನುತ್ತಿದ್ದರು, ಅಷ್ಟೇ. ವಾರದ ಆರು ದಿನ ಆ ಐವತ್ತು ನಿಮಿಷಕ್ಕಾಗಿ ಕಾಯುತ್ತೇನೆ ಎಂಬುದನ್ನು ಬಾಯಿ ಬಿಟ್ಟು ಹೇಳುವ ಅಭ್ಯಾಸ ಅವರ ಮನೆತನದಲ್ಲೇ ಯಾರಿಗೂ ಇರಲಿಲ್ಲ.

ಈ ಚಳಿಗಾಲ ಎಲ್ಲವನ್ನೂ ಕೆಡಿಸಿತು.

ಮೊದಲು ಪಂಕಜಾ ಅವರ ಸೊಂಟ ಹಿಡಿದುಕೊಂಡಿತು. ಸೊಂಟದಿಂದ ಹಿಮ್ಮಡಿಯವರೆಗೆ ಒಂದು ನರ ಎಳೆದಂತೆ ನೋವು. ಡಾಕ್ಟರು ಮಾತ್ರೆ ಕೊಟ್ಟು, ಬೆಚ್ಚಗಿಟ್ಟುಕೊಳ್ಳಿ ಎಂದರು. ಜನವರಿಯ ನಸುಕಿನಲ್ಲಿ ಪಿಕಪ್ಪಿನ ರೆಕ್ಸಿನ್ ಸೀಟು ಮಂಜಿನ ಹಲಗೆಯ ಹಾಗೆ ಕೊರೆಯುತ್ತಿತ್ತು. ಕಂಬಳಿ ಹಾಸಿದರೂ, ದಿಂಬು ಇಟ್ಟರೂ ಹತ್ತು ನಿಮಿಷಕ್ಕೆ ಆಕೆಯ ಮಾತು ನಿಂತು, ತುಟಿ ಕಚ್ಚಿಕೊಂಡು ಕೂರುವುದು ಶುರುವಾಯಿತು.

ಅದರ ಮೇಲೆ ಹಿಟ್ಟು ಕೈಕೊಟ್ಟಿತು. ದೆಹಲಿಯ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಿಸುವುದು ಎಂಥ ಪಾಡು ಎಂಬುದು ಇಲ್ಲಿರುವ ಕನ್ನಡದ ಮನೆಗಳಿಗೆಲ್ಲ ಗೊತ್ತು. ಒಬ್ಬರು ಪಾತ್ರೆಗೆ ರಜಾಯಿ ಹೊದಿಸುತ್ತಾರೆ, ಇನ್ನೊಬ್ಬರು ಓವನ್ನಿನೊಳಗೆ ಬಲ್ಬು ಹಚ್ಚಿಡುತ್ತಾರೆ. ಮನೆಮಟ್ಟಿನ ಸಣ್ಣ ಪಾತ್ರೆಗೆ ಇದೆಲ್ಲ ನಡೆಯುತ್ತದೆ. ಅರವತ್ತು ಮಕ್ಕಳಿಗಾಗುವಷ್ಟು ಹಿಟ್ಟು ಓವನ್ನಿನೊಳಗೆ ಹೋಗುವುದಿಲ್ಲ. ಜನವರಿಯ ಮೊದಲ ಭಾನುವಾರ ಇಡ್ಲಿ ಚಪ್ಪಟೆಯಾಗಿ, ಗಟ್ಟಿಯಾಗಿ ಬಂತು. ಮಕ್ಕಳು ಮರ್ಯಾದೆಗೆ ತಿಂದವು. ಹಂಸಿನಿ, "ಚೆನ್ನಾಗಿದೆ ಆಂಟಿ," ಎಂದು ನಕ್ಕು ತಟ್ಟೆಯಲ್ಲಿ ಒಂದೂವರೆ ಇಡ್ಲಿ ಬಿಟ್ಟು ಹೋದಳು. ಆ ಒಂದೂವರೆ ಇಡ್ಲಿಯನ್ನು ಪಂಕಜಾ ಬಹಳ ಹೊತ್ತು ನೋಡುತ್ತ ನಿಂತರು.

ವಾಪಸು ಬರುವಾಗ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಹೇಳಿದರು: "ಮುಂದಿನ ವಾರ ಸಂಕ್ರಾಂತಿ ರೀ. ಮಕ್ಕಳಿಗೆ ಬರ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಅದೊಂದು ಮುಗಿಸಿ ನಿಲ್ಲಿಸಿಬಿಡೋಣ. ಗಾಡಿ ಮಾರಿಬಿಡಿ."

ಚಿದಂಬರರ ಬಾಯಿಗೆ ಬಂದದ್ದು ಬರೀ, "ಹ್ಞೂಂ."

ಅಂದು ಮಧ್ಯಾಹ್ನ ಅವರು ಊಟ ಮಾಡಿ ಮಲಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಹುಡುಕಿದರು. ಸೀಟಿನ ಕವರಿನ ಕೆಳಗೆ ಅಂಟಿಸುವ ಬಿಸಿ ಪ್ಯಾಡುಗಳ ಕಿಟ್ ಸಿಗುತ್ತದೆ ಎಂದು ಗೊತ್ತಾಯಿತು: ಕೂರುವ ಜಾಗಕ್ಕೊಂದು, ಬೆನ್ನಿಗೊಂದು, ತಂತಿ, ಫ್ಯೂಸು, ಮೂರು ಮಟ್ಟದ ಸ್ವಿಚ್ಚು. ಕಿಟ್ ಗುರುವಾರ ಬಂತು. ಪಂಕಜಾ ಡಬ್ಬ ನೋಡಿ ಏನೆಂದು ಕೇಳಿದರೆ, "ಗಾಡಿಗೆ," ಎಂದಷ್ಟೇ ಹೇಳಿದರು. "ಮಾರೋ ಗಾಡಿಗೆ ಇನ್ನೂ ಯಾಕೆ ಸಿಂಗಾರ," ಎಂದು ಆಕೆ ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ ಚಿದಂಬರ ಗಾಡಿಯನ್ನು ಘಾಜಿಯಾಬಾದಿಗೆ ಓಡಿಸಿಕೊಂಡು ಹೋದರು. ಅಲ್ಲಿ ಸೀಟ್ ಕವರ್ ಹೊಲಿಯುವ ಇಕ್ಬಾಲ್ ಭಾಯ್ ಅವರ ಅಂಗಡಿ. ಅರವತ್ತರ ಹತ್ತಿರದ ಮನುಷ್ಯ, ಕಿವಿಯ ಹಿಂದೆ ಸದಾ ಒಂದು ಸೀಮೆಸುಣ್ಣ. ಕಿಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕು ಹಿಂದಿಯಲ್ಲಿ ಹೇಳಿದರು:

"ಸರ್‌ಜೀ, ದಿಲ್ಲಿಯವರು ಸೀಟು ಠಂಡಾ ಮಾಡಿಕೊಡಿ ಅಂತ ಬರ್ತಾರೆ. ಗರಂ ಮಾಡಿಕೊಡಿ ಅಂದವರು ನೀವೇ ಮೊದಲು. ಎರಡೂ ಸೀಟಿಗಾ?"

"ಎಡಗಡೆಯದಕ್ಕೆ ಮಾತ್ರ."

ಇಕ್ಬಾಲ್ ಭಾಯ್ ಒಮ್ಮೆ ಅವರ ಮುಖ ನೋಡಿ, ಅರ್ಥವಾದವರಂತೆ ತಲೆಯಾಡಿಸಿದರು. ನಾಲ್ಕು ಬೋಲ್ಟು ಬಿಚ್ಚಿ ಸೀಟನ್ನು ಹೊರಗೆ ತೆಗೆದು ಗೋಣಿಯ ಮೇಲೆ ಮಲಗಿಸಿದರು. ಕವರನ್ನು ಹಿಡಿದಿಟ್ಟಿದ್ದ ಸಣ್ಣ ಕಬ್ಬಿಣದ ಉಂಗುರಗಳನ್ನು ಇಕ್ಕಳದಿಂದ ಒಂದೊಂದೇ ಕತ್ತರಿಸಿ, ಮಗುವಿನ ಅಂಗಿ ಬಿಚ್ಚುವಷ್ಟು ಜೋಪಾನವಾಗಿ ರೆಕ್ಸಿನ್ ಸುಲಿದರು. ಒಳಗಿನ ಹಳದಿ ಸ್ಪಂಜಿನ ಮೇಲೆ ಹರಿಯಾಣದ ರೈತರ ಮನೆಯವರ ನಾಲ್ಕು ವರ್ಷದ ಭಾರಕ್ಕೆ ಗುಂಡಿ ಬಿದ್ದಿತ್ತು. ಅದಕ್ಕೊಂದು ಹೊಸ ತುಂಡು ಸೇರಿಸಿ, ಕಪ್ಪು ಪ್ಯಾಡನ್ನು ಸುಕ್ಕು ಬಾರದಂತೆ ಅಂಟಿಸಿ ಅಂಗೈಯಿಂದ ಒತ್ತಿದರು. "ಸುಕ್ಕು ಬಿದ್ದರೆ ಅಲ್ಲೇ ಸುಡುತ್ತೆ," ಎಂದರು. ಹೊಸ ಉಂಗುರ ಹಾಕಿ ಕವರು ಎಳೆದು ಕೂರಿಸುವಷ್ಟರಲ್ಲಿ ಎರಡು ಸಲ ಚಹಾ ಆಗಿತ್ತು.

ಕರೆಂಟಿನ ಕೆಲಸ ಬಂದಾಗ ಇಕ್ಬಾಲ್ ಭಾಯ್, "ಕೀಲಿಯ ಲೈನಿನಿಂದ ತಗೊಳ್ತೀನಿ, ಕೀಲಿ ತೆಗೆದರೆ ಇದೂ ಬಂದ್," ಎಂದರು.

ಚಿದಂಬರರೊಳಗಿನ ಪ್ರಯೋಗಾಲಯ ಎದ್ದು ಕೂತಿತು. "ಬೇಡ. ವೈರಿಂಗ್ ನಾನೇ ಮಾಡ್ಕೋತೀನಿ. ನೇರವಾಗಿ ಬ್ಯಾಟರಿಗೆ."

"ಬ್ಯಾಟರಿ ಇಳಿದು ಕೂತುಬಿಡುತ್ತೆ ಸರ್‌ಜೀ."

"ಹತ್ತು ನಿಮಿಷಕ್ಕೆ ಏನೂ ಆಗಲ್ಲ. ಲೆಕ್ಕ ಹಾಕಿದ್ದೀನಿ."

ಅವರ ಲೆಕ್ಕ ಹೀಗಿತ್ತು. ಬೇಸ್‌ಮೆಂಟಿನಲ್ಲಿ ಹೊತ್ತಿಗೆ ಮುಂಚೆ ಇಂಜಿನ್ ಶುರು ಮಾಡಿ ನಿಲ್ಲಿಸಿದರೆ ಹೊಗೆಯೆಂದು ಸೊಸೈಟಿಯವರು ನೋಟಿಸ್ ಅಂಟಿಸುತ್ತಾರೆ. ಕೀಲಿಯ ಹಂಗಿಲ್ಲದೆ ಸೀಟು ಬಿಸಿಯಾಗುವಂತಿದ್ದರೆ ತಾವು ಹತ್ತು ನಿಮಿಷ ಮೊದಲೇ ಕೆಳಗೆ ಹೋಗಿ ಸ್ವಿಚ್ಚು ಒತ್ತಿ ಬರಬಹುದು. ಪಂಕಜಾ ಬಂದು ಕೂರುವ ಮೊದಲ ಕ್ಷಣದಲ್ಲೇ ಸೀಟು ಬೆಚ್ಚಗಿರಬೇಕು. ಈ ಕಾರಣ ಇಕ್ಬಾಲ್ ಭಾಯ್‌ಗೆ ಹೇಳಲು ನಾಚಿಕೆಯಾಗಿ, ಬರೀ ಲೆಕ್ಕ ಹೇಳಿದರು.

"ಮರ್ಜಿ ನಿಮ್ಮದು," ಎಂದು ಇಕ್ಬಾಲ್ ಭಾಯ್ ಸೀಮೆಸುಣ್ಣವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. "ಭಾನುವಾರವೂ ಅಂಗಡಿ ತೆಗೆದಿರ್ತೀನಿ. ಏನಾದರೂ ಆದರೆ ಬನ್ನಿ." ಏನಾದರೂ ಆಗೇ ಆಗುತ್ತದೆ ಎಂಬ ಧಾಟಿ ಅದರಲ್ಲಿತ್ತು. ಚಿದಂಬರರಿಗೆ ಅದು ಕೊಂಚವೂ ಹಿಡಿಸಲಿಲ್ಲ.

ಶನಿವಾರ ಸಂಜೆಯ ಹೊತ್ತಿಗೆ ತಂತಿ ಎಳೆದು, ಫ್ಯೂಸು ಕೂರಿಸಿ, ಸ್ವಿಚ್ಚನ್ನು ಎಡಗಡೆ ಸೀಟಿನ ಪಕ್ಕಕ್ಕೇ ತಿರುಪು ಹಾಕಿ ಬಿಗಿದರು. ಪಂಕಜಾ ಅವರನ್ನು ಬೇಸ್‌ಮೆಂಟಿಗೆ ಕರೆದುಕೊಂಡು ಬಂದಾಗ ಅವರ ಕೈಯಲ್ಲಿ ಗ್ರೀಸು, ಮುಖದಲ್ಲಿ ಮುಚ್ಚಿಡಲಾಗದ ಹೆಮ್ಮೆ.

"ಕೂತ್ಕೋ. ಒಂದು ಸಲ ಒತ್ತಿದ್ರೆ ಕಮ್ಮಿ ಬಿಸಿ, ಎರಡು ಸಲಕ್ಕೆ ಮಧ್ಯಮ, ಮೂರಕ್ಕೆ ಜಾಸ್ತಿ. ಕೀಲಿ ಕೂಡ ಬೇಕಾಗಿಲ್ಲ ನೋಡು. ಗಾಡಿ ಬಂದ್ ಆಗಿದ್ರೂ ನಡೆಯುತ್ತೆ."

ಪಂಕಜಾ ಸೊಂಟ ಹಿಡಿದುಕೊಂಡು ಮೆಲ್ಲಗೆ ಹತ್ತಿ ಕೂತರು. ಒಂದು ಸಲ ಒತ್ತಿದರು. ಐದು ನಿಮಿಷ, ಹತ್ತು ನಿಮಿಷ. ಕಣ್ಣು ಮುಚ್ಚಿದರು, ತೆಗೆದರು. ಬೆನ್ನನ್ನು ಒಮ್ಮೆ ಹಿಂದಕ್ಕೆ ಒತ್ತಿ ನೋಡಿದರು. ಚಿದಂಬರ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಂತಿದ್ದರು. ಆಮೇಲೆ ಆಕೆ ಸ್ವಿಚ್ಚು ಆರಿಸಿ, ಕೆಳಗಿಳಿದು, ಏನೋ ಯೋಚಿಸುತ್ತ ಲಿಫ್ಟಿನ ಕಡೆ ನಡೆದರು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ.

ಚಿದಂಬರರಿಗೆ ಅಳುವೇ ಬಂತು. ಅರವತ್ತಮೂರು ವರ್ಷದ ಗಂಡಸು ಬೇಸ್‌ಮೆಂಟಿನಲ್ಲಿ ನಿಂತು ಅಳುವುದು ಸರಿಯಲ್ಲವೆಂದು ಸಾಮಾನು ಎತ್ತಿಟ್ಟು ನೇರ ವಾಕಿಂಗಿಗೆ ಹೊರಟುಬಿಟ್ಟರು. ಸೊಸೈಟಿಯ ಸುತ್ತ ಎಂಟು ಸುತ್ತು ಹಾಕಿದರು. ಈಕೆ ಮನಸ್ಸು ಮಾಡಿಯಾಗಿದೆ, ಇನ್ನು ಸೀಟಿಗೆ ಬಂಗಾರ ಹೊದಿಸಿದರೂ ಅಷ್ಟೇ, ಎಂದು ತಮಗೆ ತಾವೇ ಹೇಳಿಕೊಂಡರು. ಮನೆಗೆ ಬಂದಾಗ ರುಬ್ಬುವ ಕೆಲಸ ಮುಗಿದು ಅಡುಗೆಮನೆ ಒರೆಸಿ ಚೊಕ್ಕಟವಾಗಿತ್ತು. ಊಟ ಮಾಡಿ, ಮುಖ ಊದಿಸಿಕೊಂಡು ಮಲಗಿದರು.

ಭಾನುವಾರ ಬೆಳಿಗ್ಗೆ ಐದೂಕಾಲಿಗೆ, ಮುನಿಸಿದ್ದರೂ ಮಾಡಿದ ಲೆಕ್ಕ ಬಿಡಲಾಗದೆ, ಸೀಟು ಬಿಸಿ ಮಾಡಲು ಕೆಳಗಿಳಿದರು. ಎಡಗಡೆ ಬಾಗಿಲು ತೆಗೆದರು. ಸೀಟಿನ ಮೇಲೆ ಯಾರೋ ಕಂಬಳಿ ಹೊದ್ದು ಕೂತಿದ್ದರು.

ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಮನುಷ್ಯರಲ್ಲ. ಎರಡು ದೊಡ್ಡ ಸ್ಟೀಲ್ ಪಾತ್ರೆಗಳು, ಒಂದರ ಮೇಲೊಂದು, ಬೆನ್ನು ಸೀಟಿಗೆ ಆನಿಸಿ, ಸೀಟ್ ಬೆಲ್ಟು ಬಿಗಿದು, ಮೇಲೆ ಅವರದೇ ಹಳೆಯ ಲಡಾಖಿ ಕಂಬಳಿ. ಮುಚ್ಚಳದ ಸಂದಿಯಿಂದ ಬಿಳಿ ನೊರೆ ಇಣುಕಿ, ಒಂದು ಎಳೆಯಾಗಿ ಪಾತ್ರೆಯ ಹೊಟ್ಟೆಯ ಮೇಲೆ ಇಳಿದಿತ್ತು. ಗಾಡಿಯ ತುಂಬ ಹದವಾಗಿ ಹುಳಿ ಬಂದ ಹಿಟ್ಟಿನ ವಾಸನೆ.

ಸ್ವಿಚ್ಚಿನ ದೀಪ ಆರಿತ್ತು. ಚಿದಂಬರ ಬಲಗಡೆಯಿಂದ ಹತ್ತಿ ಕೀಲಿ ತಿರುಗಿಸಿದರು. "ಟಿಕ್" ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದರು. ಅದೂ ಇಲ್ಲ. ಬ್ಯಾಟರಿ ಕೂತುಬಿಟ್ಟಿತ್ತು.

ಅಷ್ಟರಲ್ಲಿ ಪಂಕಜಾ ಚಟ್ನಿಯ ಡಬರಿಯನ್ನು ಸೊಸೈಟಿಯ ಸಾಮಾನು ತಳ್ಳುವ ಟ್ರಾಲಿಯಲ್ಲಿಟ್ಟುಕೊಂಡು ಲಿಫ್ಟಿನಿಂದ ಹೊರಬಂದರು. ಗಂಡನ ಮುಖ ನೋಡಿದರು, ಪಾತ್ರೆಯ ಮುಚ್ಚಳ ಎತ್ತಿ ನೋಡಿದರು. ಹಿಟ್ಟು ಕಂಠದವರೆಗೆ ಉಬ್ಬಿ, ಮೇಲೆಲ್ಲ ಗುಳ್ಳೆಯಾಗಿ ನಿಂತಿತ್ತು. ಆಕೆಯ ಮುಖ ಅರಳಿತು.

"ಬಂತು ರೀ! ನೋಡಿ, ಹೇಗೆ ಬಂದಿದೆ!"

"ನೀನು ಮಾಡಿದ್ದಾ ಇದು?"

"ಮತ್ತಿನ್ಯಾರು? ನೀವು ವಾಕಿಂಗ್ ಹೋದಾಗ ಟ್ರಾಲಿಯಲ್ಲಿ ತಂದೆ. ಗಾರ್ಡ್ ಭಯ್ಯಾ ಎತ್ತಿ ಇಟ್ಕೊಟ್ಟ. ಒಂದೇ ಸಲ ಒತ್ತಿದೆ, ಕಮ್ಮಿ ಬಿಸಿ."

"ನಿನ್ನ ಸೊಂಟಕ್ಕೆ ಅಂತ ನಾನು ಮೂರು ದಿನ ಒದ್ದಾಡಿ ಮಾಡಿದ್ದು. ನೀನು ತಂದು ಹಿಟ್ಟು ಕೂರಿಸಿದ್ದೀಯಲ್ಲ!" ಅವರ ದನಿ ಬೇಸ್‌ಮೆಂಟಿನ ಕಂಬಗಳಿಗೆಲ್ಲ ಬಡಿಯಿತು. "ಬ್ಯಾಟರಿ ಸತ್ತುಹೋಗಿದೆ. ಇನ್ನು ಹೇಗೆ ಹೋಗ್ತೀಯ?"

ಪಂಕಜಾ ಮುಚ್ಚಳ ಹಾಕಿ ಅವರ ಕಡೆ ತಿರುಗಿದರು. "ಕೀಲಿ ಬೇಕಾಗಿಲ್ಲ, ಗಾಡಿ ಬಂದ್ ಆಗಿದ್ರೂ ನಡೆಯುತ್ತೆ ಅಂದವರು ಯಾರು?"

ಚಿದಂಬರ ಕೀಲಿ ಕಿತ್ತುಕೊಂಡು ಗಾಡಿಯಿಂದ ಇಳಿದರು.

"ನಿನ್ನೆ ಹತ್ತು ನಿಮಿಷ ಕೂತೆನಲ್ಲ," ಎಂದು ಆಕೆ ತಗ್ಗಿದ ದನಿಯಲ್ಲಿ ಹೇಳಿದರು, "ಎರಡು ತಿಂಗಳಿಂದ ಬಿಗಿದುಕೊಂಡಿದ್ದು ಮೊದಲನೇ ಸಲ ಸಡಿಲ ಆಯ್ತು. ನನಗೆ ಮಾತೇ ಹೊರಡ್ಲಿಲ್ಲ ರೀ. ನನ್ನ ಸೊಂಟಕ್ಕೇ ಇಷ್ಟು ಮಾಡಿದ್ದು ಹಿಟ್ಟಿಗೆ ಮಾಡಲ್ವಾ ಅಂತ ಅನ್ನಿಸ್ತು. ಉಬ್ಬದೆ ಹೋದ್ರೆ ನಿಮ್ಮ ಸೀಟಿಗೆ ಕೆಟ್ಟ ಹೆಸರು ಅಂತ ಹೇಳ್ಲಿಲ್ಲ."

ಹಿಂದಿನ ಸಂಜೆಯ ಎಂಟು ಸುತ್ತೂ ದಂಡ ಎಂದು ಚಿದಂಬರರಿಗೆ ಗೊತ್ತಾದದ್ದು ಆಗ. ಸಿಟ್ಟು ಇಳಿದು ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಗಾಬರಿ. ಗಂಟೆ ಐದೂ ಇಪ್ಪತ್ತು. ಅರವತ್ತು ಮಕ್ಕಳು, ಸಂಕ್ರಾಂತಿ, ಕಂಠದವರೆಗೆ ಉಬ್ಬಿದ ಹಿಟ್ಟು. ಡೀಸೆಲ್ ಗಾಡಿಯನ್ನು ಬೇಸ್‌ಮೆಂಟಿನ ಏರು ಹತ್ತಿಸಿ ತಳ್ಳಲು ಹತ್ತು ಆಳೂ ಸಾಲದು. ಈ ಚಳಿಯಲ್ಲಿ ಯಾರ ಬಾಗಿಲು ತಟ್ಟುವುದು?

ದಾರಿ ತೋರಿಸಿದ್ದು ಪಾತ್ರೆ ಎತ್ತಿಕೊಟ್ಟ ಅದೇ ಗಾರ್ಡ್. ಗೇಟಿನ ಹೊರಗೆ ಬ್ಯಾಟರಿಯಿಂದ ಓಡುವ ತನ್ನ ಇ-ರಿಕ್ಷಾದಲ್ಲಿ ಶಾಲು ಹೊದ್ದು ಮಲಗಿದ್ದ ರಾಮ್‌ಧನ್ ಎಂಬವನನ್ನು ಎಬ್ಬಿಸಿ ಕರೆತಂದ. "ಅಂಕಲ್‌ಜೀ, ಇವನ ಸೀಟಿನ ಕೆಳಗೆ ನಾಲ್ಕು ಬ್ಯಾಟರಿ ಇದೆ. ಒಂದರಿಂದ ಹಚ್ಚಿಕೊಳ್ಳಿ." ಇ-ರಿಕ್ಷಾ ಇಳಿಜಾರು ಇಳಿದು, ಗಂಟೆ ಬಾರಿಸುತ್ತ, ತಲೆಯ ಮೇಲಿನ ಪ್ಲಾಸ್ಟಿಕ್ ಹೂವು ಅಲ್ಲಾಡಿಸುತ್ತ ಬೇಸ್‌ಮೆಂಟಿನೊಳಗೆ ಬಂತು. ಚಿದಂಬರ ಮೊದಲು ಹಿಂದಿನ ದಿನ ಎಳೆದಿದ್ದ ತಂತಿಯ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಆಮೇಲೆ ನಾಲ್ಕು ಬ್ಯಾಟರಿಗಳಲ್ಲಿ ಒಂದನ್ನು ಬೇರೆ ಮಾಡಿ, ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ ಹಚ್ಚಿದರು. ಕೀಲಿ ತಿರುಗಿಸಿದಾಗ ಇಂಜಿನ್ ಒಮ್ಮೆ ಕೆಮ್ಮಿ, ಎರಡನೇ ಸಲಕ್ಕೆ ಗುಡುಗಿತು. ರಾಮ್‌ಧನ್ "ಚಲೋ!" ಎಂದು ಕೈ ತಟ್ಟಿದ. ಪಂಕಜಾ ಅವನಿಗೂ ಗಾರ್ಡಿಗೂ ಎಳ್ಳು ಬೆಲ್ಲದ ಪೊಟ್ಟಣ ಕೊಟ್ಟು, ಇಡ್ಲಿಯನ್ನು ವಾಪಸು ಬರುವಾಗ ತರುವುದಾಗಿ ಮಾತು ಕೊಟ್ಟರು.

ಪಾತ್ರೆಗಳು ಹಿಂದಿನ ಬೆಂಚಿಗೆ ಹೋದವು. ಗಾಡಿ ಹೊರಟಾಗ ಚಿದಂಬರ ದನಿ ತಗ್ಗಿಸಿ ಹೇಳಿದರು: "ಈಗ ಸೀಟಿಗೆ ಕರೆಂಟ್ ಇಲ್ಲ ಪಂಕಜಾ. ಬ್ಯಾಟರಿ ತುಂಬ್ಕೋಬೇಕು. ವಾಪಸ್ ಬರುವಾಗ ಫ್ಯೂಸ್ ಹಾಕ್ತೀನಿ."

"ಇರ್ಲಿ ಬಿಡಿ. ಬೆಚ್ಚಗೇ ಇದೆ."

"ಅದು ಹೇಗೆ?"

"ರಾತ್ರಿಯೆಲ್ಲ ಹಿಟ್ಟು ಕೂತಿತ್ತಲ್ಲ, ಬಿಸಿ ಉಳಿಸಿದೆ."

ಎಕ್ಸ್‌ಪ್ರೆಸ್‌ವೇಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಚಿದಂಬರ ಕಣ್ಣು ಕಿರಿದು ಮಾಡಿಕೊಂಡು ಓಡಿಸುತ್ತಿದ್ದರು. ಪಂಕಜಾ ಹಿಂದಕ್ಕೆ ತಿರುಗಿ ತಿರುಗಿ ಪಾತ್ರೆ ನೋಡುತ್ತಿದ್ದರು.

ಅಂದಿನ ಇಡ್ಲಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ಪಾತ್ರೆಯ ಮುಚ್ಚಳ ತೆಗೆದಾಗ ಆವಿಯ ಹಿಂದೆ ಇಡ್ಲಿಗಳು ಬೆಳ್ಳಗೆ ಉಬ್ಬಿ ಕೂತಿದ್ದವು. ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಏಳುತ್ತಿದ್ದವು. ಮಕ್ಕಳು ಎಳ್ಳು ಬೆಲ್ಲ ಹಂಚಿಕೊಂಡು, ಒಬ್ಬರಿಗೊಬ್ಬರು ಒಳ್ಳೆಯ ಮಾತಾಡಿ ಎಂದು ಹೇಳಿಕೊಂಡು, ಮರುನಿಮಿಷವೇ ಚಟ್ನಿಗೆ ಜಗಳವಾಡಿದವು. ಹಂಸಿನಿ ತಟ್ಟೆ ಖಾಲಿ ಮಾಡಿ ಎರಡನೇ ಸಲ ಸಾಲಿಗೆ ನಿಂತಳು, ಮೂರನೇ ಸಲ ನಾಚಿಕೊಂಡು ಬಂದಳು.

"ಆಂಟಿ, ಹೋದ ವಾರ ಚೆನ್ನಾಗಿದೆ ಅಂತ ಸುಳ್ಳು ಹೇಳಿದ್ದೆ. ಇವತ್ತು ನಿಜ ಹೇಳ್ತಿದ್ದೀನಿ."

"ನನಗೆ ಗೊತ್ತಿತ್ತು ಬಿಡೇ," ಎಂದು ಪಂಕಜಾ ಇನ್ನೆರಡು ಬಡಿಸಿದರು.

ಅಂದೇ ಕಡೆಯ ದಿನವೆಂದು ಮಕ್ಕಳಿಗೆ ಹೇಳುವ ಕೆಲಸ ಬಾಕಿಯಿತ್ತು. ಚಿದಂಬರ ಒಲೆಯ ಹಿಂದೆ ನಿಂತು ಆ ಮಾತಿಗಾಗಿ ಕಾದರು. ಪಾತ್ರೆ ಖಾಲಿಯಾಯಿತು, ತಟ್ಟೆಗಳನ್ನು ತೊಳೆದದ್ದಾಯಿತು, ಮಕ್ಕಳು ಹೊರಟವು. ಪಂಕಜಾ ಆ ಮಾತು ಆಡಲಿಲ್ಲ. ಮರೆತರೋ ಹೇಗೋ ತಿಳಿಯದೆ ಚಿದಂಬರ ಸಾಮಾನು ಹೇರಿ, ಜೇಬಿನ ಫ್ಯೂಸನ್ನು ವಾಪಸು ಕೂರಿಸಿ, ಗಾಡಿ ಶುರು ಮಾಡಿದರು.

ಪಂಕಜಾ ಎರಡು ಸಲ ಸ್ವಿಚ್ಚು ಒತ್ತಿ ಹಿಂದಕ್ಕೆ ಒರಗಿದರು. ಹೊರಗೆ ಸಣ್ಣಗೆ ಬಿಸಿಲು ಬಂದಿತ್ತು.

"ನಿಮಗೊಂದು ಕೇಳಲಾ?" ಎಂದರು. "ಮಾರಿಬಿಡಿ ಅಂದಾಗ ಹ್ಞೂಂ ಅಂದ್ರಲ್ಲ. ಒಂದು ಸಲಾನೂ ಬೇಡ ಅನ್ನಲಿಲ್ಲ. ನಾನು ವಾರ ವಾರ ನಿಮ್ಮನ್ನ ಈ ಚಳಿಯಲ್ಲಿ ಎಬ್ಬಿಸಿ ಎಳ್ಕೊಂಡು ಬರ್ತೀನಿ, ದಾರಿಯುದ್ದಕ್ಕೂ ತಲೆ ತಿಂತೀನಿ, ನಿಮಗೆ ಸಾಕಾಗಿದೆ ಅಂದ್ಕೊಂಡೆ. ಸೊಂಟ ನೋವು ಒಂದು ಪಾಲು. ಇದು ಇನ್ನೊಂದು ಪಾಲು."

ಚಿದಂಬರ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದರು. "ಹ್ಞೂಂ" ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. ಮೂವತ್ತನಾಲ್ಕು ವರ್ಷದಲ್ಲಿ ಆಡದ ಮಾತನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

"ನನಗೆ ಇಡ್ಲಿ ಅಷ್ಟಕ್ಕಷ್ಟೇ ಪಂಕಜಾ," ಎಂದರು ಕೊನೆಗೆ. "ನಾನು ಬರೋದು ನೀನು ಮಾತಾಡೋದು ಕೇಳೋಕೆ. ಮನೆಯಲ್ಲಿ ನೀನು ಹೀಗೆ ಮಾತಾಡಲ್ಲ. ಗಾಡಿ ಮಾರಿದ್ರೆ ನಾನು ವಾರ ಪೂರ್ತಿ ಏನಕ್ಕೆ ಕಾಯಲಿ? ಆ ಭಯಕ್ಕೇ ಈ ಸೀಟು ಮಾಡಿದ್ದು."

ಸಿಗ್ನಲ್ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆದರು. ಚಿದಂಬರ ಕಿವಿ ಕೆಂಪಗೆ ಮಾಡಿಕೊಂಡು ಗಾಡಿ ಮುಂದಕ್ಕೆ ಬಿಟ್ಟರು. ಓರೆಗಣ್ಣಿನಲ್ಲಿ ನೋಡಿದರೆ ಪಂಕಜಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ನಗುತ್ತಲೂ ಇದ್ದರು.

"ಆ ಘಾಜಿಯಾಬಾದಿನವರು ಇವತ್ತು ಅಂಗಡಿ ತೆಗೆದಿರ್ತಾರಾ?"

"ಇಕ್ಬಾಲ್ ಭಾಯಾ? ತೆಗೆದಿರ್ತಾರೆ. ಯಾಕೆ?"

"ಹಿಂದಿನ ಬೆಂಚಿಗೂ ಒಂದು ಹಾಕಿಸ್ಬೇಕು. ಹಿಟ್ಟಿಗೆ." ಪಂಕಜಾ ಬೆನ್ನನ್ನು ಇನ್ನಷ್ಟು ಒಳಕ್ಕೆ ಒತ್ತಿಕೊಂಡರು. "ಈ ಸೀಟು ನಾನಿನ್ನು ಯಾರಿಗೂ ಬಿಟ್ಟುಕೊಡಲ್ಲ."

ಚಿದಂಬರ ಕನ್ನಡಿಯಲ್ಲಿ ಹಿಂದಿನ ಬೆಂಚನ್ನು ಒಮ್ಮೆ ನೋಡಿದರು.

"ರಾತ್ರಿ ಪೂರ್ತಿ ಬಿಸಿಯಿಡೋಕೆ ಬೇರೆ ಬ್ಯಾಟರಿ ಬೇಕಾಗುತ್ತಾ, ಅದನ್ನೂ ಅವರನ್ನೇ ಕೇಳಿ. ವೈರಿಂಗ್ ಅವರ ಕೈಲೇ ಮಾಡಿಸಿ," ಎಂದು ಆಕೆ ಸೇರಿಸಿದರು.

"ಹ್ಞೂಂ," ಎಂದರು ಚಿದಂಬರ.

ನೋಯ್ಡಾ ಕಡೆಯ ತಿರುವು ಬಂತು. ಅದನ್ನು ಬಿಟ್ಟು ಅವರು ಗಾಡಿಯನ್ನು ಘಾಜಿಯಾಬಾದಿನ ದಾರಿಗೆ ಹಾಕಿದರು. ಆ ದಾರಿಯಲ್ಲಿ ಹೋದರೆ ಮನೆ ಇನ್ನೂ ಒಂದು ಗಂಟೆ ದೂರ. ಪಂಕಜಾ ಆಗಲೇ ಹಂಸಿನಿ ಹೇಳಿದ ಸುಳ್ಳಿನ ವಿಷಯ ಶುರು ಮಾಡಿದ್ದರು.